ಸಿ.ಡಿ. ಹಾಳಾಗುವುದು ಹೊಳೆಯುವ ಕಡೆಯಿಂದಲ್ಲ

ಮಾನ್ಯ ಸಂಪಾದಕರೇ,

ಹಳೆಯ ಸಿ.ಡಿ.ಯೋ ಡಿವಿಡಿಯೋ ಓದದೇ ಹೋದಾಗ ಎಲ್ಲರೂ ಮಾಡುವುದು ಒಂದೇ ಕೆಲಸ. ಅದನ್ನು ಮಗುಚಿ ಹೊಳೆಯುವ ಮುಖ ನೋಡುತ್ತಾರೆ, ಅಂಗಿಯ ತುದಿಯಿಂದ ಗುಂಡಗೆ ಒರೆಸುತ್ತಾರೆ, ಒಂದು ಗೀರು ಕಣ್ಣಿಗೆ ಬಿದ್ದರೆ ಕಾರಣ ಸಿಕ್ಕಿತೆಂದು ಕೈಬಿಡುತ್ತಾರೆ. ಪತ್ರಿಕೆಗಳಲ್ಲಿ ಆಗಾಗ ಬರುವ ಸಲಹೆಗಳೂ ಗೀರು ಮತ್ತು ಟೂತ್‌ಪೇಸ್ಟಿನ ಆಚೆಗೆ ಹೋಗುವುದು ಅಪರೂಪ. ಆದರೆ ಇಪ್ಪತ್ತು, ಮೂವತ್ತು ವರ್ಷ ಡಬ್ಬಿಯೊಳಗೇ ಇದ್ದು, ಒಂದೂ ಗೀರಿಲ್ಲದೆ ಕೈಕೊಡುವ ಡಿಸ್ಕುಗಳಿಗೆ ಏನು ಹೇಳೋಣ? ಅವು ಹಾಳಾಗುವುದು ಹೊಳೆಯುವ ಮುಖದಿಂದಲ್ಲ. ಬೆನ್ನಿನಿಂದ, ಅಂಚಿನಿಂದ, ಬರ್ನ್ ಮಾಡಿದವಾದರೆ ಒಳಗಿನ ಬಣ್ಣದಿಂದ. ಇದು ಗೊತ್ತಿಲ್ಲದ ಕಾರಣ ಜೋಪಾನವೆಲ್ಲ ತಪ್ಪು ಮುಖಕ್ಕೆ ಸಲ್ಲುತ್ತಿದೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ.

ಒಂದು ಸಿ.ಡಿ.ಯನ್ನು ಅಡ್ಡಲಾಗಿ ಸೀಳಿದರೆ ಕಾಣುವುದೇನು? ಒಟ್ಟು ದಪ್ಪ 1.2 ಮಿ.ಮೀ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್. ಲೇಸರ್ ಕಿರಣ ಹೊಳೆಯುವ ಮುಖದಿಂದ ಒಳಹೊಕ್ಕು ಈ ದಪ್ಪವನ್ನೆಲ್ಲ ದಾಟಿ ಹೋಗಬೇಕು. ಮಾಹಿತಿಯ ಕುಳಿಗಳನ್ನು ಅಚ್ಚೊತ್ತಿರುವುದು ಪ್ಲಾಸ್ಟಿಕ್ಕಿನ ಆಚೆ ಬದಿಯಲ್ಲಿ, ಅಂದರೆ ಹೆಸರು ಮುದ್ರಿಸಿದ ಕಡೆಗೆ. ಆ ಕುಳಿಗಳ ಮೇಲೆ 50ರಿಂದ 100 ನ್ಯಾನೋಮೀಟರಿನಷ್ಟು ಅಲ್ಯೂಮಿನಿಯಂ ಲೇಪ. ತಲೆಗೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲಿನ ಆಸುಪಾಸು. ಅದರ ಮೇಲೆ 5ರಿಂದ 10 ಮೈಕ್ರಾನ್ ಲ್ಯಾಕರ್ ಎಂಬ ರಕ್ಷಣೆಯ ಮೆರುಗೆಣ್ಣೆ, ಅದರ ಮೇಲೆ ಮುದ್ರಣದ ಶಾಯಿ, ಅಷ್ಟೇ. ಕೆಳಗಿನಿಂದ ಒಂದು ಮಿಲಿಮೀಟರಿಗೂ ಮಿಗಿಲಾದ ಗೋಡೆ ಕಾಯುತ್ತಿದೆ. ಮೇಲಿನಿಂದ ಕಾಯುವುದು ಉಗುರುಬಣ್ಣಕ್ಕಿಂತ ತೆಳುವಾದ ಒಂದು ಪೊರೆ.

ಲೇಸರ್ ಕಿರಣ ಕುಳಿಯ ಹತ್ತಿರ ಒಂದೂವರೆ ಮೈಕ್ರಾನಿನ ಚುಕ್ಕೆಯಾಗಿ ಕೂಡಿಕೊಂಡಿರುತ್ತದೆ. ಡಿಸ್ಕಿನ ಹೊರಮೈಯಲ್ಲಿ ಅದೇ ಕಿರಣದ ಅಗಲ ಸುಮಾರು 0.7 ಮಿ.ಮೀ. ಹಾಗಾಗಿ ಹೊಳೆಯುವ ಮುಖದ ಮೇಲಿನ ಧೂಳಿನ ಕಣವಾಗಲಿ, ಸಣ್ಣ ಗೀರಾಗಲಿ ಅದಕ್ಕೆ ಕನ್ನಡಕದ ಮೇಲೆ ಕೂತ ಧೂಳಿನಂತೆ ಮಸುಕಾಗಿ ಹೋಗುತ್ತದೆ, ನೋಟ ಆಚೆಗೆ ನೆಟ್ಟಿರುತ್ತದೆ. ಅದೇ ಗೀರು ಲೇಬಲ್ ಕಡೆ ಬಿದ್ದರೆ ಅಲ್ಯೂಮಿನಿಯಮ್ಮೇ ಕಿತ್ತುಬರುತ್ತದೆ. ಅಲ್ಲಿ ಉಜ್ಜಿ ಸರಿಮಾಡಲು ಏನೂ ಉಳಿದಿರುವುದಿಲ್ಲ. ಆದರೂ ಮೇಜಿನ ಮೇಲೆ ಇಡುವಾಗ ನಮ್ಮ ಕೈ ತಾನಾಗಿಯೇ ಹೊಳೆಯುವ ಮುಖವನ್ನು ಮೇಲಕ್ಕೆ ಮಾಡಿ, ಸೂಕ್ಷ್ಮವಾದ ಬೆನ್ನನ್ನು ಮರಕ್ಕೆ ತಿಕ್ಕಿ ಇಡುತ್ತದೆ!

ಡಿವಿಡಿಯ ಕಟ್ಟು ಬೇರೆ. 0.6 ಮಿ.ಮೀ.ನ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದು, ಮಾಹಿತಿ ನಟ್ಟನಡುವೆ ಇರುತ್ತದೆ. ಹಾಗಾಗಿ ಲೇಬಲ್ ಕಡೆಯ ಗೀರಿಗೆ ಅದು ಅಷ್ಟಾಗಿ ಹೆದರುವುದಿಲ್ಲ. ಆದರೆ ಅದರ ಜೀವವೆಲ್ಲ ಆ ಅಂಟಿನಲ್ಲಿದೆ. ಬ್ಲೂ-ರೇಯಲ್ಲಿ ಮತ್ತೆ ಉಲ್ಟಾ. ಮಾಹಿತಿ ಹೊಳೆಯುವ ಮುಖದಿಂದ ಬರೀ 0.1 ಮಿ.ಮೀ. ಒಳಗಿದೆ, ಹೊರಮೈಯಲ್ಲಿ ಕಿರಣದ ಅಗಲ 0.13 ಮಿ.ಮೀ. ಆಸುಪಾಸು ಮಾತ್ರ. ಸಿ.ಡಿ.ಗೆ ಲೆಕ್ಕಕ್ಕೇ ಇಲ್ಲದ ಗೀರು ಇಲ್ಲಿ ಕಿರಣವನ್ನೇ ತಡೆದುಬಿಡಬಹುದು. ಅದಕ್ಕೇ ಅದರ ಮೇಲೆ ಗಟ್ಟಿ ರಕ್ಷಾಲೇಪ ಹಾಕುತ್ತಾರೆ. ಸಿ.ಡಿ. ಪಾಲಿಶ್ ಮಾಡುವ ಯಂತ್ರಕ್ಕೆ ಬ್ಲೂ-ರೇ ಕೊಡಬಾರದೆನ್ನುವುದೂ ಅದಕ್ಕೇ. ಯಂತ್ರ ಮೊದಲು ತೆಗೆದುಹಾಕುವುದು ಆ ಲೇಪವನ್ನೇ.

ಇನ್ನು 'ಮೊನ್ನೆ ಮೊನ್ನೆಯವರೆಗೂ ಚೆನ್ನಾಗಿಯೇ ಓಡುತ್ತಿತ್ತು' ಎಂಬ ಮಾತು. ಇದನ್ನು ಹೇಳದವರಿಲ್ಲ, ಮತ್ತು ಅದು ನಿಜವೂ ಹೌದು. ಡಿಸ್ಕ್ ಮಾತ್ರ ಮೊನ್ನೆ ಹಾಳಾದದ್ದಲ್ಲ. ಸಿ.ಡಿ.ಯಲ್ಲಿ ಮಾಹಿತಿಯನ್ನು ಸಾಲಾಗಿ ಬರೆದಿರುವುದಿಲ್ಲ. ಒಂದು ಕ್ಷಣದ ದನಿಯನ್ನು ಚೂರುಚೂರು ಮಾಡಿ ನೂರಕ್ಕೂ ಹೆಚ್ಚು ಚೌಕಟ್ಟುಗಳಲ್ಲಿ ಹಂಚಿ, ಜೊತೆಗೆ ರೀಡ್–ಸೊಲೊಮನ್ ಎಂಬ ಲೆಕ್ಕಾಚಾರದ ಹೆಚ್ಚುವರಿ ಅಂಕಿಗಳನ್ನು ಸೇರಿಸಿ ಬರೆದಿರುತ್ತಾರೆ. ಒಂದು ಕಡೆ ಅಳಿಸಿಹೋದರೂ ಅಕ್ಕಪಕ್ಕದ ಚೂರುಗಳಿಂದ ಲೆಕ್ಕ ಹಾಕಿ ತುಂಬಿಕೊಳ್ಳಬಹುದು. ಸುಮಾರು 4,000 ಬಿಟ್‌ಗಳ ತನಕ, ಅಂದರೆ ಕುಳಿಗಳು ಸುತ್ತುಸುತ್ತಾಗಿ ಸಾಗುವ ಹಾದಿಯ ಉದ್ದಕ್ಕೆ ಎರಡೂವರೆ ಮಿ.ಮೀ.ನಷ್ಟು ಹಾಳಾದರೂ ಒಂದು ಅಕ್ಷರವೂ ತಪ್ಪದಂತೆ ಮರಳಿ ಕಟ್ಟುವ ಶಕ್ತಿ ಇದಕ್ಕಿದೆ. ಹೊಸದಾಗಿ ಅಂಗಡಿಯಿಂದ ತಂದ ಡಿಸ್ಕಿನಲ್ಲೂ ತಪ್ಪುಗಳಿರುತ್ತವೆ. ಸೆಕೆಂಡಿಗೆ 7,350 ಚೌಕಟ್ಟುಗಳಲ್ಲಿ ಸರಾಸರಿ 220ರವರೆಗೆ ತಪ್ಪಿರಬಹುದೆಂದು ಮಾನದಂಡವೇ ಒಪ್ಪುತ್ತದೆ. ಕೇಳುವವರಿಗೆ ಅದೊಂದೂ ತಿಳಿಯುವುದಿಲ್ಲ.

ಅಂದರೆ ಸೆಕೆಂಡಿಗೆ 20 ಇದ್ದ ತಪ್ಪು ವರ್ಷಗಳು ಕಳೆದಂತೆ 60, 150, 300 ಎಂದು ಏರುತ್ತಿದ್ದರೂ ಹಾಡು ಹಾಡುತ್ತಲೇ ಇರುತ್ತದೆ. ತುಂಬಿಕೊಳ್ಳುವ ಶಕ್ತಿ ಸಾಲದಾದ ದಿನ ಒಮ್ಮೆಗೇ ಮುಗ್ಗರಿಸುತ್ತದೆ. ಅದರಲ್ಲೂ ಹಾಡಿನ ಸಿ.ಡಿ. ಮೋಸಗಾರ. ತಿದ್ದಲಾಗದ ಕಡೆ ಪ್ಲೇಯರ್ ಹಿಂದುಮುಂದಿನ ಅಂಕಿಗಳನ್ನು ನೋಡಿ ನಡುವಿನದನ್ನು ಊಹಿಸಿ ನುಡಿಸಿಬಿಡುತ್ತದೆ, ಅದೂ ಆಗದಿದ್ದರೆ ಒಂದು ಚಣ ಮೌನ. ಫೈಲುಗಳಿರುವ ಡಿಸ್ಕಿನಲ್ಲಿ ಊಹೆಗೆ ಜಾಗವಿಲ್ಲ. ಅಲ್ಲಿ 2,352 ಬೈಟುಗಳ ತುಂಡಿನಲ್ಲಿ 2,048 ಮಾತ್ರ ನಿಮ್ಮದು, ಉಳಿದದ್ದರಲ್ಲಿ ಹೆಚ್ಚಿನ ಪಾಲು ಇನ್ನೊಂದು ಸುತ್ತಿನ ತಿದ್ದುಪಡಿಗೇ ಮೀಸಲು. ಅದೂ ಸೋತರೆ 'ಓದಲಾಗಲಿಲ್ಲ' ಎಂಬ ಸಂದೇಶ. ಓಡುತ್ತಿದೆ ಎನ್ನುವುದು ಡಿಸ್ಕ್ ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ ಎಂದು ಒತ್ತಿ ಹೇಳುವುದು ಇದಕ್ಕೇ.

ಗೀರಿನ ದಿಕ್ಕೂ ಈ ಲೆಕ್ಕಕ್ಕೇ ಸೇರುತ್ತದೆ. ಮಧ್ಯದಿಂದ ಅಂಚಿಗೆ ಎಳೆದ ಗೀರು ಪ್ರತಿ ಸುತ್ತಿನಲ್ಲೂ ಹಾದಿಯನ್ನು ಒಂದು ಕೂದಲಿನಗಲ ಮಾತ್ರ ಕತ್ತರಿಸುತ್ತದೆ, ತಿದ್ದುಪಡಿ ಅದನ್ನು ನುಂಗಿಕೊಳ್ಳುತ್ತದೆ. ಹಾದಿಯ ಜೊತೆಜೊತೆಗೇ ಬಾಗಿ ಸಾಗುವ ಗೀರು ಒಂದೇ ಕಡೆ ಸೆಂಟಿಮೀಟರ್‌ಗಟ್ಟಲೆ ಮಾಹಿತಿ ಮುಚ್ಚುತ್ತದೆ, ಲೇಸರ್ ದಾರಿ ತಪ್ಪಿ ಪಕ್ಕದ ಸುತ್ತಿಗೆ ಜಾರುವುದೂ ಉಂಟು. ಗುಂಡಗೆ ಒರೆಸಬಾರದು, ಒಳಗಿನಿಂದ ಹೊರಕ್ಕೆ ನೇರವಾಗಿ ಒರೆಸಬೇಕು ಎನ್ನುವುದರ ಹಿಂದಿರುವ ಕಾರಣ ಇದೇ. ಒರೆಸುವಾಗಲೇ ಗೀರು ಬಿದ್ದರೂ ಅದು ಕಡಿಮೆ ಹಾನಿಯ ದಿಕ್ಕಿನಲ್ಲಿ ಬೀಳಲಿ ಎಂದು.

ಈಗ ಬೆನ್ನಿನ ವಿಷಯಕ್ಕೆ ಬರೋಣ. ಅಲ್ಯೂಮಿನಿಯಂ ಗಾಳಿ ಮತ್ತು ತೇವ ತಾಗಿದರೆ ಆಕ್ಸೈಡ್ ಆಗುತ್ತದೆ. ಪಾತ್ರೆಯಲ್ಲಾದರೆ ಆ ಆಕ್ಸೈಡ್ ಪೊರೆಯೇ ಒಳಗಿನ ಲೋಹವನ್ನು ಕಾಯುತ್ತದೆ, ನಾವು ಗಮನಿಸುವುದೂ ಇಲ್ಲ. ಡಿಸ್ಕಿನಲ್ಲಿ ಕಾಯಲು ಒಳಗೆ ಲೋಹವೇ ಉಳಿದಿರುವುದಿಲ್ಲ, ಏಕೆಂದರೆ ಇರುವುದೇ ನೂರು ನ್ಯಾನೋಮೀಟರ್. ಆಕ್ಸೈಡ್ ಪಾರದರ್ಶಕ. ಕನ್ನಡಿಯ ಹಿಂದಿನ ಪಾದರಸ ಕೆರೆದುಹೋದಂತೆ, ಬೆಳಕು ಮರಳಿ ಬಾರದೆ ಆಚೆಗೆ ಹೋಗಿಬಿಡುತ್ತದೆ. ಲ್ಯಾಕರ್ ಅಂಚಿನಲ್ಲಿ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ತೇವ ಅಲ್ಲಿಂದ ನುಸುಳುತ್ತದೆ. ಸಿ.ಡಿ. ಓದುವುದು ಒಳಗಿನಿಂದ ಹೊರಕ್ಕೆ. ಕಾರ್ಯಕ್ರಮ ಶುರುವಾಗುವುದು ಕೇಂದ್ರದಿಂದ 25 ಮಿ.ಮೀ. ದೂರದಲ್ಲಿ, ಮುಗಿಯುವುದು 58 ಮಿ.ಮೀ. ಒಳಗೆ. ಹೀಗಾಗಿ ಪೂರ್ತಿ ತುಂಬಿದ ಡಿಸ್ಕಿನ ಅಂಚು ಕೊಳೆತರೆ ಮೊದಲು ಕೈಕೊಡುವುದು ಕೊನೆಯ ಹಾಡುಗಳು. ಮೊದಲ ಹತ್ತು ಸರಿಯಾಗಿದ್ದು ಕೊನೆಯೆರಡು ಮಾತ್ರ ತಡವರಿಸಿದರೆ ಅಂಚನ್ನು ಅನುಮಾನಿಸಿ.

ಇದು ಊಹೆಯ ಮಾತಲ್ಲ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್‌ನಲ್ಲಿದ್ದ ಫಿಲಿಪ್ಸ್–ಡುಪಾಂಟ್ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ತಯಾರಾದ ಬಹಳಷ್ಟು ಸಿ.ಡಿ.ಗಳು ಅಂಚಿನಿಂದ ಒಳಕ್ಕೆ ಕಂಚಿನ ಬಣ್ಣಕ್ಕೆ ತಿರುಗಿ ಹಾಳಾದವು. ಪ್ರತಿಫಲಿಸುವ ಪದರದಲ್ಲಿ ಬೆಳ್ಳಿ ಇತ್ತು, ಹಚ್ಚಿದ ಲ್ಯಾಕರ್ ಗಂಧಕವನ್ನು ತಡೆಯುವಂಥದ್ದಾಗಿರಲಿಲ್ಲ, ಜೊತೆಗಿಟ್ಟ ಕಾಗದದಲ್ಲಿ ಗಂಧಕದ ಅಂಶವಿತ್ತು. ಬೆಳ್ಳಿ ಪಾತ್ರೆ ಕಪ್ಪಾಗುವುದೂ ಇದೇ ರಸಾಯನದಿಂದ. ಅದಕ್ಕೂ ಮುಂಚೆ, 1978ರಲ್ಲಿ ಬಂದ 30 ಸೆಂ.ಮೀ.ನ ಲೇಸರ್‌ಡಿಸ್ಕ್‌ಗಳಲ್ಲಿ ಎರಡು ಭಾಗಗಳನ್ನು ಕೂಡಿಸಿದ ಅಂಟು ಕೆಟ್ಟು ಅಲ್ಯೂಮಿನಿಯಂ ಕೊಳೆತು, ಪರದೆಯ ಮೇಲೆ ಬಣ್ಣಬಣ್ಣದ ಚುಕ್ಕೆಗಳ ಮಳೆ ಸುರಿಯುತ್ತಿತ್ತು. ಹಳೆಯ ಕಾಲದ ರೋಗವೆಂದು ತಳ್ಳಿಹಾಕುವಂತೆಯೂ ಇಲ್ಲ. 2006ರಿಂದ 2008ರ ನಡುವೆ ತಯಾರಿಸಿದ ತನ್ನ ಕೆಲವು ಡಿವಿಡಿಗಳಲ್ಲಿ ದೋಷ ಇರಬಹುದೆಂದು ವಾರ್ನರ್ ಬ್ರದರ್ಸ್ 2025ರಲ್ಲಿ ಒಪ್ಪಿಕೊಂಡಿತು. ಆ ಡಿಸ್ಕುಗಳು ಡಬ್ಬಿಯಲ್ಲಿ ಅಲುಗದೆ ಕುಳಿತಿದ್ದಂಥವು.

ಡಿವಿಡಿಯ ಅಂಟಿಗೆ ಇನ್ನೊಂದು ಶತ್ರು ನಮ್ಮ ಕೈಯೇ. ಡಬ್ಬಿಯ ನಡುವಿನ ಹಲ್ಲು ಬಿಗಿಯಾಗಿದ್ದರೆ ಅಂಚು ಹಿಡಿದು ಮೇಲಕ್ಕೆ ಜಗ್ಗುತ್ತೇವೆ, ಡಿಸ್ಕ್ ಬಿಲ್ಲಿನಂತೆ ಬಾಗುತ್ತದೆ. ಪ್ರತಿ ಬಾಗುವಿಕೆಗೂ ಎರಡು ತಟ್ಟೆಗಳು ಒಂದರ ಮೇಲೊಂದು ಕೂದಲೆಳೆಯಷ್ಟು ಜಾರಲು ನೋಡುತ್ತವೆ, ಅಂಟು ಅದನ್ನು ತಡೆಯುತ್ತದೆ. ನೂರನೆಯ ಸಲವೋ ಇನ್ನೂರನೆಯ ಸಲವೋ ತಡೆಯುವುದಿಲ್ಲ. ಹೆಬ್ಬೆರಳಿನಿಂದ ನಡುವಿನ ಹಲ್ಲನ್ನು ಒತ್ತಿ, ಡಿಸ್ಕ್ ತಾನಾಗಿ ಸಡಿಲವಾದ ಮೇಲೆ ಎತ್ತಬೇಕು. ರಂಧ್ರದ ಸುತ್ತ ಬಿರುಕು ಕಂಡರೆ ಆ ಡಿಸ್ಕನ್ನು ಕಂಪ್ಯೂಟರಿನ ವೇಗದ ಡ್ರೈವಿಗೆ ಹಾಕಲೇಬೇಡಿ. 52 ಪಟ್ಟು ವೇಗದ ಡ್ರೈವ್ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಬಿರುಕುಬಿಟ್ಟ ಡಿಸ್ಕ್ ಒಳಗೇ ಸಿಡಿದು ಚೂರಾಗಬಹುದು.

ಮನೆಯಲ್ಲಿ, ಸ್ಟುಡಿಯೋದಲ್ಲಿ ಬರ್ನ್ ಮಾಡಿದ ಡಿಸ್ಕುಗಳ ಕಥೆಯೇ ಬೇರೆ. ಮದುವೆಯ ವಿಡಿಯೋ, ಅಜ್ಜಿಯ ಹಾಡು, ಹಳೆಯ ಫೋಟೋ ಎಲ್ಲ ಇರುವುದು ಇಂಥವುಗಳಲ್ಲೇ ಆದ್ದರಿಂದ ಹೆಚ್ಚು ಚಿಂತಿಸಬೇಕಾದದ್ದೂ ಇವುಗಳ ಬಗ್ಗೆಯೇ. ಸಿ.ಡಿ.-ಆರ್, ಡಿವಿಡಿ-ಆರ್‌ಗಳಲ್ಲಿ ಅಚ್ಚೊತ್ತಿದ ಕುಳಿಗಳಿಲ್ಲ. ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನಡುವೆ ಸಾವಯವ ಬಣ್ಣದ ಪದರವೊಂದಿದೆ. ಬರ್ನರಿನ ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ಸುಟ್ಟ ಜಾಗಕ್ಕೂ ಸುಡದ ಜಾಗಕ್ಕೂ ಇರುವ ವ್ಯತ್ಯಾಸವೇ ಮಾಹಿತಿ. ಬೆಳಕಿಗೂ ಶಾಖಕ್ಕೂ ಬದಲಾಗುವುದು ಈ ಬಣ್ಣದ ಗುಣ, ಅದಕ್ಕಾಗಿಯೇ ಅದನ್ನು ಆರಿಸಿಕೊಂಡಿದ್ದಾರೆ. ಬರ್ನರ್ ಒಂದು ಕ್ಷಣದಲ್ಲಿ ಮಾಡುವುದನ್ನು ಕಿಟಕಿಯ ಬಿಸಿಲು ವಾರ, ತಿಂಗಳುಗಟ್ಟಲೆ ಕೂತು ಎಲ್ಲೆಡೆಯೂ ಮಾಡುತ್ತದೆ. ವ್ಯತ್ಯಾಸ ಅಳಿಸುತ್ತಾ ಬರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬೆಳಕೂ ಶಾಖವೂ ಒಟ್ಟಿಗೇ ಸಿಗುತ್ತವೆ. ಅಲ್ಲಿ ಮುಂದಿನ ಗಾಜಿನ ಕೆಳಗೆ ಬಿದ್ದಿರುವ ಸಿ.ಡಿ.-ಆರ್‌ಗಿಂತ ದುರದೃಷ್ಟದ ಡಿಸ್ಕ್ ಇಲ್ಲ.

ಬಣ್ಣಗಳಲ್ಲಿ ಮೂರು ಮುಖ್ಯ ಜಾತಿ. ಸಯನೀನ್ ಹಸಿರು-ನೀಲಿಯಾಗಿ ಕಾಣುತ್ತದೆ, ಬೆಳಕಿಗೆ ಬೇಗ ಸೋಲುತ್ತದೆ. ಥ್ಯಾಲೋಸಯನೀನ್ ತೀರಾ ತಿಳಿ ಬಣ್ಣದ್ದು, ಇದ್ದುದರಲ್ಲಿ ಗಟ್ಟಿ. ಕಡುನೀಲಿ ಆಜೋ ಬಣ್ಣವೂ ಬೆಳಕಿಗೆ ಸಾಕಷ್ಟು ತಡೆಯುತ್ತದೆ. ಪ್ರತಿಫಲನಕ್ಕೆ ಚಿನ್ನ ಬಳಸಿದ್ದರೆ ತುಕ್ಕಿನ ಭಯವಿಲ್ಲ, ಬೆಳ್ಳಿಯಾದರೆ ಗಂಧಕದ ಭಯ ಇದ್ದೇ ಇದೆ. ಆದರೆ ಚಿನ್ನದ ಡಿಸ್ಕೆಂದು ಬಿಸಿಲಿಗಿಟ್ಟರೆ ಬಣ್ಣ ಹೋಗುವುದೇನೂ ತಪ್ಪುವುದಿಲ್ಲ. ಅದೆಷ್ಟೋ ಜಾಹೀರಾತುಗಳು ಇದನ್ನು ಮರೆಸಿಯೇ ಚಿನ್ನ ಮಾರಿದವು. ಬರ್ನ್ ಮಾಡುವ ಬ್ಲೂ-ರೇಗಳಲ್ಲಿ ಸಾಮಾನ್ಯವಾದವು ಲೋಹ-ಖನಿಜಗಳ ಪದರ ಬಳಸುತ್ತವೆ. ಡಬ್ಬಿಯ ಮೇಲೆ 'ಎಲ್‌ಟಿಎಚ್' ಎಂದಿದ್ದರೆ ಒಳಗಿರುವುದು ಮತ್ತೆ ಸಾವಯವ ಬಣ್ಣವೇ, ದೀರ್ಘಕಾಲದ ಸಂಗ್ರಹಕ್ಕೆ ಅದು ಬೇಡ. ದೀರ್ಘಕಾಲದ ಸಂಗ್ರಹಕ್ಕೆಂದೇ ಮಾಡಿದ ಎಂ-ಡಿಸ್ಕ್‌ನಲ್ಲಿಯೂ ಸಾವಯವ ಬಣ್ಣವಿಲ್ಲ.

ಅಳಿಸಿ ಬರೆಯುವ 'ಆರ್‌ಡಬ್ಲ್ಯೂ' ಡಿಸ್ಕುಗಳಲ್ಲಿ ಬಣ್ಣದ ಬದಲು ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಲೂರಿಯಂಗಳ ಮಿಶ್ರಲೋಹ ಇರುತ್ತದೆ. ಹರಳುಗಟ್ಟಿದ ಜಾಗ ಹೊಳೆಯುತ್ತದೆ, ಹರಳುಗಟ್ಟದ ಜಾಗ ಮಂಕಾಗಿರುತ್ತದೆ. ಮಂಕು ಗುರುತುಗಳು ಶಾಖದಲ್ಲಿ ನಿಧಾನಕ್ಕೆ ಮತ್ತೆ ಹರಳುಗಟ್ಟುತ್ತವೆ, ಅಂದರೆ ತಾವಾಗಿಯೇ ಅಳಿಸಿಕೊಳ್ಳುತ್ತವೆ. ಸುಮಾರು ಸಾವಿರ ಸಲ ಬರೆಯಬಹುದೆಂಬುದು ನಿಜ, ಆದರೆ ಬರೆದು ಇಟ್ಟು ಮರೆಯುವುದಕ್ಕೆ ಅದು ಸಲ್ಲದು. ಮೇಲಾಗಿ ಇದು ಮರಳಿಸುವ ಬೆಳಕು 15ರಿಂದ 25 ಶೇಕಡಾ ಮಾತ್ರ, ಅಚ್ಚಿನ ಸಿ.ಡಿ.ಯದ್ದು 70 ಶೇಕಡಾ ಇರಬೇಕು. ಹಳೆಯ ಪ್ಲೇಯರುಗಳು ಇದನ್ನು ಮೊದಲ ದಿನವೂ ಓದಲಾರವು. ಫೈನಲೈಸ್ ಮಾಡದೇ, ಅಂದರೆ ಬರೆದು ಮುಗಿಯಿತೆಂದು ಮುಚ್ಚದೇ ಬಿಟ್ಟ ಡಿಸ್ಕೂ ಹೀಗೆಯೇ. ಬರೆದ ಯಂತ್ರದಲ್ಲಿ ಓಡುತ್ತದೆ, ಬೇರೆಡೆ ಖಾಲಿ ಎನ್ನುತ್ತದೆ. ಇವೆರಡನ್ನು ಹಾಳಾದವುಗಳ ಲೆಕ್ಕಕ್ಕೆ ಸೇರಿಸಬೇಡಿ.

ಲೇಬಲ್ ಕಡೆ ನಾವೇ ಮಾಡುವ ಅನ್ಯಾಯಗಳಿವೆ. ಬಾಲ್‌ಪೆನ್ನಿನಿಂದ ಬರೆದರೆ ಮೊನೆಯ ಒತ್ತಡಕ್ಕೆ ಲ್ಯಾಕರ್ ಕುಸಿದು ಅಕ್ಷರ ಕೆಳಗಿನ ಪದರದವರೆಗೂ ಮೂಡುತ್ತದೆ. ಘಾಟು ವಾಸನೆಯ ದ್ರಾವಕವಿರುವ ಮಾರ್ಕರ್ ಲ್ಯಾಕರನ್ನು ಕರಗಿಸುತ್ತಾ ಇಳಿಯಬಹುದು. ಕಾಗದದ ಸ್ಟಿಕರ್ ಅಂಟಿಸಿದರೆ ಒಂದು ಕಡೆ ತೂಕ ಹೆಚ್ಚಿ ಡಿಸ್ಕ್ ನಡುಗುತ್ತದೆ, ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಡಿಸ್ಕನ್ನೇ ಬಾಗಿಸುತ್ತದೆ, ಅಂಟು ವರ್ಷಗಟ್ಟಲೆ ಲ್ಯಾಕರಿಗೆ ಮೆತ್ತಿಕೊಂಡಿರುತ್ತದೆ. ಈಗಾಗಲೇ ಅಂಟಿಸಿದ್ದರೆ ಕೀಳಲು ಹೋಗಬೇಡಿ, ಸ್ಟಿಕರಿನೊಂದಿಗೆ ಅಲ್ಯೂಮಿನಿಯಂ ಕೂಡ ಹಾಳೆಯಾಗಿ ಎದ್ದು ಬರುತ್ತದೆ. ಬರೆಯುವುದಿದ್ದರೆ ನೀರಿನ ಶಾಯಿಯ ಮೆತ್ತನೆ ಮೊನೆಯ ಪೆನ್ನು ಬಳಸಿ, ರಂಧ್ರದ ಸುತ್ತಲಿನ ಪಾರದರ್ಶಕ ಉಂಗುರದ ಮೇಲೆ ಬರೆಯಿರಿ. ಅಲ್ಲಿ ಮಾಹಿತಿ ಇರುವುದಿಲ್ಲ.

ಹಾಗಾದರೆ ಡಬ್ಬಿಯ ಮೇಲೆ '100 ವರ್ಷ' ಎಂದು ಅಚ್ಚು ಹಾಕಿರುವುದು? ಡಿಸ್ಕುಗಳನ್ನು 80 ಡಿಗ್ರಿ ಶಾಖ, 80ಕ್ಕೂ ಮೇಲ್ಪಟ್ಟ ಶೇಕಡಾ ತೇವಾಂಶದ ಪೆಟ್ಟಿಗೆಗಳಲ್ಲಿ ವಾರಗಟ್ಟಲೆ ಬೇಯಿಸಿ, ತಪ್ಪುಗಳು ಎಷ್ಟು ಬೇಗ ಏರಿದವೆಂದು ಅಳೆದು, ಅದರಿಂದ ಸಾಧಾರಣ ಕೋಣೆಯ ಆಯುಸ್ಸನ್ನು ಲೆಕ್ಕ ಹಾಕುತ್ತಾರೆ. ವಿಧಾನ ಕೆಟ್ಟದ್ದಲ್ಲ, ಅದಕ್ಕೆ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಆದರೆ ಆ ಪೆಟ್ಟಿಗೆಯಲ್ಲಿ ಬಿಸಿಲಿಲ್ಲ, ಸ್ಟಿಕರಿಲ್ಲ, ಬಾಗಿಸುವ ಕೈಯಿಲ್ಲ. ಜೊತೆಗೆ 80 ಡಿಗ್ರಿಯಲ್ಲಿ ಆಗುವ ರಸಾಯನವೇ 25 ಡಿಗ್ರಿಯಲ್ಲೂ ನಿಧಾನವಾಗಿ ಆಗುತ್ತದೆಂಬ ನಂಬಿಕೆಯ ಮೇಲೆ ಇಡೀ ಲೆಕ್ಕ ನಿಂತಿದೆ. ನಮ್ಮ ಅಭಿಪ್ರಾಯದಲ್ಲಿ ಆ ನೂರನ್ನು ಒಂದು ಡಿಸ್ಕಿಗೂ ಇನ್ನೊಂದಕ್ಕೂ ಹೋಲಿಸಲು ಬಳಸಬಹುದೇ ಹೊರತು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಾಗದು.

ದೋಷ ಡಿಸ್ಕಿನದೋ ಪ್ಲೇಯರಿನದೋ ಎಂದು ಮೊದಲು ತಿಳಿಯಬೇಕು. ಒಂದೇ ಡಿಸ್ಕ್ ಎಲ್ಲ ಯಂತ್ರಗಳಲ್ಲೂ ತಡವರಿಸಿದರೆ ಡಿಸ್ಕಿನದು, ಎಲ್ಲ ಡಿಸ್ಕುಗಳೂ ಒಂದೇ ಯಂತ್ರದಲ್ಲಿ ತಡವರಿಸಿದರೆ ಯಂತ್ರದ್ದು. ಸಿ.ಡಿ. ಓಡಿ ಡಿವಿಡಿ ಓಡದಿದ್ದರೆ (ಅಥವಾ ತಿರುಗುಮುರುಗು) ಲೆನ್ಸ್, ಲೇಸರ್ ಹೊತ್ತು ಸರಿಯುವ ಭಾಗವಾದ ಪಿಕಪ್‌ನಲ್ಲಿರುವ ಎರಡು ಲೇಸರುಗಳಲ್ಲಿ ಒಂದು ಸೋತಿರುವ ಸಾಧ್ಯತೆ ಹೆಚ್ಚು. ಸಿ.ಡಿ.ಗೆ 780 ನ್ಯಾನೋಮೀಟರಿನ ಕಣ್ಣಿಗೆ ಕಾಣದ ಕಿರಣ, ಡಿವಿಡಿಗೆ 650ರ ಕೆಂಪು. ಯಾವ ಡಿಸ್ಕ್ ಹಾಕಿದರೂ ಹೆಚ್ಚುಕಡಿಮೆ ಅದೇ ನಿಮಿಷಕ್ಕೆ ನಿಂತರೆ ಪಿಕಪ್ ಸರಿಯುವ ಕಂಬಿಯ ಗ್ರೀಸ್ ಗಟ್ಟಿಯಾಗಿರುತ್ತದೆ. ಟ್ರೇ ಹೊರಬರದೆ ಬರೀ ಗೊರಗೊರ ಎಂದರೆ ರಬ್ಬರ್ ಬೆಲ್ಟ್ ಸಡಿಲವಾಗಿದೆ. ಲೆನ್ಸ್ ಮಂಕಾಗಿದ್ದರೆ ಪ್ಲಗ್ ಕಿತ್ತು, ಹತ್ತಿಕಡ್ಡಿಗೆ 90 ಶೇಕಡಾ ಮೀರಿದ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ತೊಟ್ಟು ಹಾಕಿ, ಒಂದೆರಡು ಸಲ ಸವರಿ, ಒಣ ಕಡ್ಡಿಯಿಂದ ಮುಟ್ಟಿದರೆ ಸಾಕು. ಲೆನ್ಸ್ ತೂಗಾಡುವುದು ಕೂದಲಿನಂಥ ತಂತಿಗಳ ಮೇಲೆ, ಒತ್ತಿದರೆ ಪಿಕಪ್ಪೇ ಹೋಯಿತು. ಲೇಸರಿನ ಶಕ್ತಿ ಹೆಚ್ಚಿಸಲು ಪಕ್ಕದ ಸಣ್ಣ ಸ್ಕ್ರೂ ತಿರುಗಿಸುವವರಿದ್ದಾರೆ. ಕೆಲವು ದಿನ ಓಡುತ್ತದೆ, ಮುಪ್ಪಾದ ಡಯೋಡ್ ಆಮೇಲೆ ಪೂರ್ತಿ ಸುಟ್ಟುಹೋಗುತ್ತದೆ.

ಡಿಸ್ಕಿನ ಪರೀಕ್ಷೆಗೆ ಕತ್ತಲ ಕೋಣೆ ಮತ್ತು ಒಂದು ಟಾರ್ಚು ಬೇಕು. ಲೇಬಲ್ ಕಡೆಯಿಂದ ಬೆಳಕು ಬಿಟ್ಟು ಹೊಳೆಯುವ ಕಡೆಯಿಂದ ನೋಡಿ. ಶಾಯಿ ದಟ್ಟವಾಗಿಲ್ಲದ ಕಡೆ ಸೂಜಿಮೊನೆಯ ಬೆಳಕಿನ ಚುಕ್ಕೆಗಳು ಕಾಣಬಹುದು. ಅಲ್ಲೊಂದು ಇಲ್ಲೊಂದು ಇದ್ದರೆ ಹೆದರಬೇಕಿಲ್ಲ, ಅವು ಕಾರ್ಖಾನೆಯಿಂದಲೇ ಬಂದಿರುತ್ತವೆ. ಅಂಚಿನ ಬಳಿ ಗುಂಪಾಗಿದ್ದರೆ, ಆರು ತಿಂಗಳ ಬಳಿಕ ಹೆಚ್ಚಾಗಿದ್ದರೆ, ಕೊಳೆತ ಶುರುವಾಗಿದೆ. ಕಾಫಿ ಚೆಲ್ಲಿದಂಥ ಕಲೆ, ಕಂಚಿನ ಛಾಯೆ, ಡಿವಿಡಿಯೊಳಗೆ ಮೋಡದಂಥ ಮಸುಕು ಇವೂ ಅದೇ ಜಾತಿಯವು. ಅಂಚನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ತಿರುಗಿಸಿದರೆ ಎರಡು ತಟ್ಟೆಗಳ ನಡುವಿನ ಗೆರೆ ಎಲ್ಲಾದರೂ ಬಾಯಿ ಬಿಟ್ಟಿದೆಯೇ ಎಂಬುದೂ ಗೊತ್ತಾಗುತ್ತದೆ. ಬಣ್ಣದ ಡಿಸ್ಕುಗಳಿಗೆ ಮಾತ್ರ ಈ ಟಾರ್ಚು ಸಾಲದು, ಬಣ್ಣ ಮಾಸಿದ್ದು ಎಷ್ಟೋ ಸಲ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೆ ತಪ್ಪುಗಳನ್ನು ಎಣಿಸುವ ಡ್ರೈವ್ ಮತ್ತು ಕ್ಯೂಪಿಎಕ್ಸ್‌ಟೂಲ್‌ನಂಥ ತಂತ್ರಾಂಶ ಬೇಕು. ಸಿ.ಡಿ.ಗೆ ಸೆಕೆಂಡಿಗೆ 220, ಡಿವಿಡಿಗೆ ಒತ್ತೊತ್ತಿಗಿರುವ ಎಂಟು ಬ್ಲಾಕುಗಳಿಗೆ 280 ಎಂಬುದು ಮೇಲಿನ ಮಿತಿ. ಒಂದು ಡ್ರೈವಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವುದು ವ್ಯರ್ಥ. ಅದೇ ಡ್ರೈವ್, ಅದೇ ವೇಗ, ಅದೇ ಡಿಸ್ಕ್, ವರ್ಷಕ್ಕೊಮ್ಮೆ: ಏರಿಕೆ ಇದೆಯೇ ಇಲ್ಲವೇ ಎಂಬುದಷ್ಟೇ ಮುಖ್ಯ.

ತೊಳೆಯುವ ಕ್ರಮ ಸರಳ. ಮೊದಲು ಧೂಳು ಊದಿ ತೆಗೆಯಿರಿ, ಒಣ ಬಟ್ಟೆಯಿಂದ ಒರೆಸಿದರೆ ಧೂಳೇ ಉಪ್ಪುಕಾಗದವಾಗುತ್ತದೆ. ಬೆರಳಚ್ಚಿನ ಜಿಡ್ಡಿದ್ದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ತೊಟ್ಟು ಸೇರಿಸಿ, ಮೆತ್ತನೆಯ ಬಟ್ಟೆಯಲ್ಲಿ ಒಳಗಿನಿಂದ ಹೊರಕ್ಕೆ ಸವರಿ, ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು ನಿಲ್ಲಿಸಿ ಒಣಗಿಸಿ. ನೆನೆಹಾಕಬೇಡಿ, ಅಂಚಿನಲ್ಲಿ ಬಿರುಕಿದ್ದರೆ ನೀರು ಒಳಗೆ ಹೋಗುತ್ತದೆ. ಅಸಿಟೋನ್, ಥಿನ್ನರ್, ಪೆಟ್ರೋಲ್ ಪಾಲಿಕಾರ್ಬೊನೇಟನ್ನು ಹಾಳುಮಾಡುತ್ತವೆ, ಉಗುರುಬಣ್ಣ ಅಳಿಸುವ ದ್ರವದಲ್ಲೂ ಅಸಿಟೋನ್ ಇರಬಹುದು. ಟೂತ್‌ಪೇಸ್ಟ್ ಸುಳ್ಳಲ್ಲ. ಅದರಲ್ಲಿನ ನುಣುಪು ಪುಡಿ ಗೀರಿನ ದಡಗಳನ್ನು ಸವೆಸಿ ಬೆಳಕು ಚದುರದಂತೆ ಮಾಡುತ್ತದೆ. ಜೆಲ್ ಅಲ್ಲದ ಬಿಳಿ ಪೇಸ್ಟ್, ಸಿ.ಡಿ. ಅಥವಾ ಡಿವಿಡಿಗೆ ಮಾತ್ರ, ಹೊಳೆಯುವ ಮುಖಕ್ಕೆ ಮಾತ್ರ, ಅದೂ ಮಾಹಿತಿ ನಕಲು ಮಾಡಿಕೊಳ್ಳುವುದಕ್ಕೆ ಒಂದು ಸಲ ಓದಿಸುವಷ್ಟಕ್ಕೆ. ಬೆನ್ನಿನ ಕೊಳೆತಕ್ಕೆ ಇದರಿಂದ ಕವಡೆಯಷ್ಟೂ ಪ್ರಯೋಜನವಿಲ್ಲ.

ಒಮ್ಮೆ ಕೊಳೆತ ಶುರುವಾದರೆ ಅದನ್ನು ನಿಲ್ಲಿಸುವ ಉಪಾಯ ಇಲ್ಲ. ಉಳಿದಿರುವುದು ನಕಲು ಮಾತ್ರ, ಅದರಲ್ಲೂ ಒಂದು ರೀತಿ ಇದೆ. ಫೈಲುಗಳನ್ನು ಎಳೆದು ಹಾಕಿಕೊಳ್ಳುವ ಬದಲು ಇಡೀ ಡಿಸ್ಕಿನ ಇಮೇಜ್, ಅಂದರೆ ಮೊದಲಿನಿಂದ ಕೊನೆಯವರೆಗಿನ ಯಥಾವತ್ ಪ್ರತಿ ತೆಗೆಯಬೇಕು. ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶ ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನೆಲ್ಲ ಬಾಚಿಕೊಂಡು, ತೊಡಕಿನ ಜಾಗಗಳನ್ನು ಹಾರಿ, ಎಲ್ಲೆಲ್ಲಿ ಹಾರಿತೆಂದು ಒಂದು ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಆ ಜಾಗಗಳಿಗಷ್ಟೇ ಮರಳಿ ಹೋಗುತ್ತದೆ. ಇದರ ಸೊಗಸು ಏನೆಂದರೆ ಅದೇ ಕಡತವನ್ನು ಇಟ್ಟುಕೊಂಡು ಡಿಸ್ಕನ್ನು ಇನ್ನೊಂದು ಡ್ರೈವಿಗೆ ಹಾಕಿ ಮುಂದುವರಿಸಬಹುದು. ಒಂದು ಡ್ರೈವ್ ಓದದ ತುಂಡನ್ನು ಇನ್ನೊಂದು ಓದುವುದು ತೀರಾ ಸಾಮಾನ್ಯ, ಏಕೆಂದರೆ ಲೆನ್ಸ್, ಲೇಸರ್, ತಿದ್ದುವ ಚಿಪ್ ಯಾವುದೂ ಒಂದೇ ಥರ ಇರುವುದಿಲ್ಲ. ವೇಗ ತಗ್ಗಿಸಿ, ಸಿ.ಡಿ.ಗೆ 4ರಿಂದ 8 ಪಟ್ಟು ಸಾಕು. ಹಾಡಿನ ಸಿ.ಡಿ.ಗಳಲ್ಲಿ ಫೈಲುಗಳೇ ಇಲ್ಲವಾದ್ದರಿಂದ ಅವಕ್ಕೆ ಎಕ್ಸಾಕ್ಟ್ ಆಡಿಯೋ ಕಾಪಿ, ಸಿಡಿಪ್ಯಾರನೋಯಾದಂಥ ತಂತ್ರಾಂಶಗಳು ಬೇಕು. ಅವು ಒಂದೇ ತುಂಡನ್ನು ಹಲವು ಸಲ ಓದಿ ತಾಳೆ ನೋಡುತ್ತವೆ, ಪ್ಲೇಯರಿನ ಊಹೆ ನಿಮ್ಮ ನಕಲಿನೊಳಗೆ ನುಸುಳದಂತೆ ನೋಡಿಕೊಳ್ಳುತ್ತವೆ. ನಕಲು ಆದೊಡನೆ ಎಸ್‌ಎಚ್‌ಎ-256 ಮೊತ್ತ (ಫೈಲು ಬದಲಾಗಿದೆಯೇ ಎಂದು ತಾಳೆ ನೋಡುವ, ಅದರ ಬೆರಳಚ್ಚಿನಂಥ ಅಂಕಿ) ತೆಗೆದು ಜೊತೆಗಿಡಿ, ಎರಡು ಬೇರೆ ಸಾಧನಗಳಲ್ಲಿ ಉಳಿಸಿ. ಸರದಿ ಹೀಗಿರಲಿ: ಮೊದಲು ಆರ್‌ಡಬ್ಲ್ಯೂ ಡಿಸ್ಕುಗಳು ಮತ್ತು ಸ್ಟಿಕರ್ ಅಂಟಿಸಿದವು, ಆಮೇಲೆ ಹೆಸರು ಕೇಳಿರದ ಸಿ.ಡಿ.-ಆರ್, ಡಿವಿಡಿ-ಆರ್‌ಗಳು, ಕೊನೆಗೆ ಅಂಗಡಿಯಿಂದ ಕೊಂಡ ಅಚ್ಚಿನ ಡಿಸ್ಕುಗಳು. ಅಚ್ಚಿನವು ಹಾಳಾದರೂ ಅದೇ ಸಿ.ಡಿ. ಇನ್ನೊಬ್ಬರ ಮನೆಯಲ್ಲಿ ಇದ್ದೀತು.

ಹೊಸದಾಗಿ ಬರ್ನ್ ಮಾಡುವವರಿಗೆ ಒಂದು ಮಾತು. ತೀರಾ ನಿಧಾನ ಬರೆದರೆ ಒಳ್ಳೆಯದೆಂಬ ನಂಬಿಕೆ ಹಳೆಯ ಡಿಸ್ಕುಗಳ ಕಾಲದ್ದು. 16 ಪಟ್ಟಿನ ಡಿವಿಡಿಯ ಬಣ್ಣವನ್ನು ವೇಗಕ್ಕೆ ತಕ್ಕಂತೆ ಹದ ಮಾಡಿರುತ್ತಾರೆ, ಅದಕ್ಕೆ 8 ಪಟ್ಟಿನ ಆಸುಪಾಸು ಸಾಮಾನ್ಯವಾಗಿ ಸರಿಯಾಗುತ್ತದೆ. ಅಂಚಿನವರೆಗೂ ತುಂಬಬೇಡಿ. ಅಂಚಿನ ಕೆಲವು ಮಿಲಿಮೀಟರ್ ಖಾಲಿ ಬಿಟ್ಟರೆ ಮೊದಲು ಕೊಳೆಯುವ ಜಾಗದಲ್ಲಿ ನಿಮ್ಮದೇನೂ ಇರುವುದಿಲ್ಲ.

ಇಡುವ ಜಾಗದ ಬಗ್ಗೆ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2003ರಲ್ಲಿ ಹೊರತಂದ ಕೈಪಿಡಿ ಹೇಳುವುದು 4ರಿಂದ 20 ಡಿಗ್ರಿ ಶಾಖ, 20ರಿಂದ 50 ಶೇಕಡಾ ತೇವಾಂಶ. ಎಲ್ಲ ಮನೆಗಳಲ್ಲೂ ಇದು ಆಗದ ಮಾತು. ಆದರೆ ಒಮ್ಮೆ ಬಿಸಿ, ಒಮ್ಮೆ ತಂಪಾಗುವ ಜಾಗಕ್ಕಿಂತ ಸದಾ ಒಂದೇ ತೆರನಿರುವ ಜಾಗ ಮೇಲು. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ಗಟ್ಟಿ ಡಬ್ಬಿಯಲ್ಲಿಡಿ. ಮೆತ್ತನೆಯ ಪಿವಿಸಿ ಚೀಲಗಳಿಂದ ಜಿಡ್ಡು ಜಿನುಗಿ ಡಿಸ್ಕಿಗೆ ಅಂಟಿಕೊಳ್ಳುತ್ತದೆ, ಒಳಗಿನ ಸ್ಪಂಜು ಪುಡಿಯಾಗಿ ಮೆತ್ತಿಕೊಳ್ಳುತ್ತದೆ. ತೇವ ಹೆಚ್ಚಿದ್ದರೆ ಮುಚ್ಚಳ ಬಿಗಿಯಾದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡಿ, ಬಣ್ಣ ಬದಲಾದಾಗ ಕಾಯಿಸಿ ಮತ್ತೆ ಬಳಸಿ. ಬೂಷ್ಟು ಡಿಸ್ಕನ್ನು ತಿನ್ನುತ್ತದೆ ಎಂಬುದೂ ತಮಾಷೆಯಲ್ಲ. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ಸಿಕ್ಕ ಸಿ.ಡಿ.ಯೊಂದರಲ್ಲಿ ಜಿಯೋಟ್ರೈಕಮ್ ಜಾತಿಯ ಶಿಲೀಂಧ್ರ ಅಂಚಿನಿಂದ ನುಗ್ಗಿ ಅಲ್ಯೂಮಿನಿಯಂ ಪದರವನ್ನೂ ಪ್ಲಾಸ್ಟಿಕ್ಕನ್ನೂ ಕೊರೆದಿದ್ದನ್ನು ಸ್ಪೇನಿನ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದ್ದರು.

ಕೊನೆಯದಾಗಿ, ಡಿಸ್ಕ್ ಗಟ್ಟಿಯಾಗಿದ್ದರೂ ಓದುವ ಯಂತ್ರ ಇರಬೇಕಲ್ಲ. ಜಪಾನಿನ ತೈಯೊ ಯುಡೆನ್ ಕಂಪನಿ 2015ರಲ್ಲೇ ಡಿಸ್ಕ್ ತಯಾರಿಕೆ ಬಿಟ್ಟಿತು, ಸೋನಿ ಬರೆಯುವ ಬ್ಲೂ-ರೇ ಡಿಸ್ಕುಗಳ ಉತ್ಪಾದನೆಯನ್ನು 2025ರ ಫೆಬ್ರುವರಿಯಲ್ಲಿ ನಿಲ್ಲಿಸಿತು. ಡಿಸ್ಕ್ ಡ್ರೈವ್ ಇಲ್ಲದ ಕಂಪ್ಯೂಟರುಗಳೇ ಈಗ ಹೆಚ್ಚು. ಒಳ್ಳೆಯ ಡ್ರೈವ್ ಇರುವವರು ಅದನ್ನು ಮೂರು-ನಾಲ್ಕು ತಿಂಗಳಿಗೊಮ್ಮೆ ಚಾಲೂ ಮಾಡಿ, ಟ್ರೇಯನ್ನು ಐದಾರು ಸಲ ಒಳಗೆ ಹೊರಗೆ ಆಡಿಸಿ, ಒಂದು ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದಿಸಿ. ಬೆಲ್ಟ್ ಒಂದೇ ಆಕಾರಕ್ಕೆ ಸೆಟೆದುಕೊಳ್ಳುವುದಿಲ್ಲ, ಕಂಬಿಯ ಗ್ರೀಸ್ ಉದ್ದಕ್ಕೂ ಹರಡಿಕೊಳ್ಳುತ್ತದೆ.

ಇಂತಿ ವಂದನೆಗಳೊಂದಿಗೆ,
ಧ್ವನಿ ಮತ್ತು ದೃಶ್ಯ ದಾಖಲೆಗಳ ಸಂರಕ್ಷಣೆಯಲ್ಲಿ ತೊಡಗಿರುವ ಓದುಗರು